ಪರದೆ ಸರಿಸಿದ ಮಧ್ಯಾಹ್ನ

ನೀಲಾ, ಆ ದಿನ ನೀನು ಗಂಟೆಯ ಸದ್ದು ಕೇಳಿ ತಿರುಗಲಿಲ್ಲ. ಗೋಡೆಯ ಮೇಲೆ ಬಿದ್ದ ನನ್ನ ಕೈಯ ನೆರಳು ನೋಡಿ ತಿರುಗಿದೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಅಲ್ಲ, ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಡಾಕ್ಟರು ಕೇಳಿದಾಗ ಬಾಯಿ ಬಿಟ್ಟು ಸುಳ್ಳು ಹೇಳಿದೆ. ಆ ಒಂದು ಸುಳ್ಳಿನಿಂದ ನಿನ್ನ ನಾಲ್ಕು ವರ್ಷ ಹೋದವು. ಯಾವ ನಾಲ್ಕು ವರ್ಷ ಎಂಬುದು ಮುಖ್ಯ. ಮಾತು ಕಲಿಯುವ ವರ್ಷಗಳು.

ಇಷ್ಟು ಬರೆಯುವುದಕ್ಕೇ ಮೂರು ದಿನ ಹಿಡಿಯಿತು. ಬರೆದು ಹರಿದೆ, ಮತ್ತೆ ಬರೆದೆ. ಪ್ರತಿ ಸಲ ಬರೆಯುವಾಗಲೂ ನನ್ನನ್ನು ಕಾಪಾಡಿಕೊಳ್ಳುವ ಒಂದು ಮಾತು ಎಲ್ಲಿಂದಲೋ ನುಸುಳಿ ಬರುತ್ತದೆ — ಆಗ ನಾನು ಸಣ್ಣವಳಿದ್ದೆ, ಕಾಲ ಹಾಗಿತ್ತು, ಮನೆಯಲ್ಲಿ ಹಾಗಿತ್ತು. ಅದಕ್ಕೇ ಈ ಸಲ ಪಾಪವನ್ನು ಮೊದಲೇ ಬರೆದಿಟ್ಟೆ. ಇನ್ನು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡುವುದಿಲ್ಲ. ಬಿಟ್ಟರೆ, ಬಿಟ್ಟ ಜಾಗದಲ್ಲಿ ಹೋಗಿ ಅಡಗಿಕೊಳ್ಳುವವಳು ನಾನು.

ನೀನು ನನ್ನ ಅಕ್ಕನ ಮಗಳು. ಅಕ್ಕನನ್ನು ಪಾರಿಶ್ವಾಡಕ್ಕೆ ಕೊಟ್ಟಿದ್ದರು, ನಮ್ಮ ಸ್ವಂತ ಸೋದರಮಾವನಿಗೇ. ರಕ್ತದೊಳಗೆ ರಕ್ತ ಬೆರೆಸುವುದು ನಮ್ಮಲ್ಲಿ ಹೊಸದಲ್ಲ. ನನ್ನನ್ನು ಬೆಳಗಾವಿಯಲ್ಲಿಟ್ಟು ಮೆಟ್ರಿಕ್‌ವರೆಗೆ ಓದಿಸಿದರು. ಆಮೇಲೆ ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲೆ, ಕಿವಿಯ ಡಾಕ್ಟರೊಬ್ಬರ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಅದು. ಡಾಕ್ಟರು ವಯಸ್ಸಾದವರು, ಒಕ್ಕಲುತನದ ಮನೆಯಿಂದ ಬಂದವರು, ಯಾರಿಗೂ ದನಿ ಏರಿಸಿ ಮಾತಾಡಿದವರಲ್ಲ. ದೊಡ್ಡವರಿಗೆ ಕಿವಿ ನೋಡುವ ಯಂತ್ರವಿತ್ತು — ಕಿವಿಗೆ ಹಾಕಿಕೊಂಡು, ಸದ್ದು ಕೇಳಿದರೆ ಬೆರಳೆತ್ತಬೇಕು. ಎರಡು ವರ್ಷದ ಕೂಸು ಬೆರಳೆತ್ತೀತೇ? ಅದಕ್ಕೆ ಸಣ್ಣ ಮಕ್ಕಳ ಪರೀಕ್ಷೆ ಬೇರೆ ರೀತಿ.

ಆ ಪರೀಕ್ಷೆಯನ್ನು ನಾನೇ ಮಾಡುತ್ತಿದ್ದೆ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ತಾಯಿಯ ತೊಡೆಯ ಮೇಲೆ ಕೂಸು. ಎದುರಿಗೆ ಡಾಕ್ಟರು ಒಂದು ಕಟ್ಟಿಗೆಯ ಗಿಳಿ ಹಿಡಿದು ಆಡಿಸುತ್ತಿರಬೇಕು. ಕೂಸಿನ ಕಣ್ಣು ಗಿಳಿಯ ಮೇಲೆ ನಿಂತಾಗ ಅವರು ಗಿಳಿಯನ್ನು ಮುಚ್ಚುತ್ತಾರೆ. ಅದೇ ಗಳಿಗೆಗೆ ನಾನು ತಾಯಿಯ ಬೆನ್ನ ಹಿಂದೆ ಬಗ್ಗಿ, ಕೂಸಿನ ಕಿವಿಯ ಮಟ್ಟಕ್ಕೆ ಕೈ ಚಾಚಿ, ಗಂಟೆಯನ್ನೋ ಗಿಲಕಿಯನ್ನೋ ಸಣ್ಣ ಡೋಲನ್ನೋ ಬಾರಿಸಬೇಕು. ಕೇಳಿದರೆ ಕೂಸು ಸದ್ದು ಬಂದ ಬದಿಗೆ ತಿರುಗುತ್ತದೆ. ಇಷ್ಟೇ. ಆದರೆ ಕಿವುಡ ಮಕ್ಕಳು ನಾವು ತಿಳಿದಷ್ಟು ಪೆದ್ದರಲ್ಲ, ಅವರ ಮೈಯೆಲ್ಲ ಕಣ್ಣು. ಅದಕ್ಕೆ ಡಾಕ್ಟರು ಮೊದಲ ದಿನವೇ ನನಗೆ ಮೂರು ಕಟ್ಟಳೆ ಹಾಕಿದ್ದರು. ಕೆಲಸಕ್ಕೆ ಬರುವಾಗ ಹೂ ಮುಡಿಯಬಾರದು, ವಾಸನೆಗೆ ಕೂಸು ತಿರುಗುತ್ತದೆ. ಬಳೆ ತೊಟ್ಟು ಕೈ ಬೀಸಬಾರದು, ಬಳೆ ಮಿನುಗುತ್ತದೆ, ಗಾಳಿ ತಾಗುತ್ತದೆ. ಮೂರನೆಯದು, ಪಡುವಣ ಕಿಟಕಿಯ ಪರದೆ ಎಳೆದೇ ಪರೀಕ್ಷೆ ಮಾಡಬೇಕು, ನೆರಳು ಬೀಳಬಾರದು.

ನೀನು ನನ್ನನ್ನು ಕರೆಯುವುದು ತಲೆಯ ಹಿಂದೆ ಕೈ ಹಚ್ಚಿ, ಹೂ ಮುಡಿದಂತೆ ತೋರಿಸಿ. ಹೂವಿನ ಚಿಗವ್ವ. ಕೆಲಸವಿಲ್ಲದ ದಿನ ಆಬೋಲಿ ಹೂವಿನ ದಂಡೆ ಮುಡಿಯದೆ ನಾನು ಪಾರಿಶ್ವಾಡಕ್ಕೆ ಬಂದದ್ದೇ ಇಲ್ಲ. ಕೆಲಸದ ದಿನ ಮುಡಿಯದಿರುವಷ್ಟು ನಿಯತ್ತು ಇತ್ತು ಎಂದು ಹೇಳಿದೆ ಅಷ್ಟೆ.

ನಿನಗೆ ಎರಡು ವರ್ಷ ತುಂಬಿ ಮೂರು ತಿಂಗಳಾಗಿತ್ತು. ಒಂದು ಮಾತೂ ಬಂದಿರಲಿಲ್ಲ. ಅಕ್ಕ ಅಂಜಿಕೊಂಡಿದ್ದಳು. ನಿನ್ನ ಅಪ್ಪನ ತಾಯಿ, ನನಗೂ ಅಜ್ಜಿಯೇ ಆದವಳು, ಮಾತ್ರ ಅಂಜಿರಲಿಲ್ಲ. ನಮ್ಮ ಕಡೆ ಕೂಸು ಹುಟ್ಟಿದ ಕೂಡಲೇ ಅದರ ಪಕ್ಕದಲ್ಲಿ ಕಂಚಿನ ತಾಟು ಬಾರಿಸುತ್ತಾರೆ. ನೀನು ಹುಟ್ಟಿದಾಗ ಬಾರಿಸಿದವಳು ಅಜ್ಜಿಯೇ.

“ನಾನ ತಾಟ ಬಾರಿಸೀನಿ. ಕೂಸು ಬೆಚ್ಚಿ ಬಿದ್ದಿತ್ತು. ಕಿವಿ ಛಲೋ ಅದಾವ,” ಎಂದು ಅವಳು ಸಾಧಿಸುತ್ತಿದ್ದಳು. ತಾಟನ್ನು ಬಾರಿಸಿದ್ದು ನೀನು ಮಲಗಿದ್ದ ಹಲಗೆಯ ಮೇಲಿಟ್ಟು. ಹಲಗೆ ನಡುಗಿದರೆ ಯಾವ ಕೂಸಾದರೂ ಬೆಚ್ಚುತ್ತದೆ. ಕೆಲಸ ಕಲಿತ ನನಗೆ ಅದು ಹೊಳೆಯದೆ ಇರಲಿಲ್ಲ, ಆದರೆ ಅಜ್ಜಿಯ ಮುಂದೆ ಹೇಳುವ ಧೈರ್ಯ ಬರಲಿಲ್ಲ. ದವಾಖಾನೆಗೆ ತೋರಿಸೋಣ ಎಂದಷ್ಟೇ ಅಕ್ಕನಿಗೆ ಹೇಳಿ ಕಳಿಸಿದೆ. ಹೌದು, ನಿನ್ನನ್ನು ಬೆಳಗಾವಿಗೆ ಕರೆಸಿದವಳೂ ನಾನೇ.

ಅದೇ ತಿಂಗಳು ನನ್ನ ಮದುವೆಯ ಮಾತು ನಡೆದಿತ್ತು. ಬೆಳಗಾವಿಯದೇ ಮನೆ, ಪೇಟೆಯಲ್ಲಿ ಕಾಳಿನ ವ್ಯಾಪಾರ. ಹುಡುಗ ನನಗೆ ಮನಸ್ಸಿಗೆ ಬಂದಿದ್ದ. ಎಲ್ಲಾ ಕೂಡಿ ಬಂದಿತ್ತು ಎನ್ನುವಾಗ ಅವನ ತಾಯಿಗೆ ಯಾರೋ ನಿನ್ನ ಸುದ್ದಿ ಹೇಳಿದರು. ನಮ್ಮ ತಾಯಿಯ ಕಡೆ ಒಬ್ಬ ಮೂಗ ಮುದುಕನಿದ್ದ. ಹೆಣ್ಣು ನೋಡಲು ಯಾರಾದರೂ ಬಂದರೆ ಅವನನ್ನು ಹೊಲಕ್ಕೆ ಕಳಿಸಿಬಿಡುತ್ತಿದ್ದರು. ಅವನನ್ನು ಮುಚ್ಚಿಟ್ಟಂತೆ ನಿನ್ನನ್ನು ಮುಚ್ಚಿಡಲು ಆಗಲಿಲ್ಲ. ಹುಡುಗನ ತಾಯಿ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಚಹಾದ ಬಸಿ ಕೆಳಗಿಟ್ಟು, ನಿಧಾನವಾಗಿ ಹೇಳಿದರು.

“ಮಾತಾಡದ ಕೂಸು ಒಂದ ಅದ ಅಂತ ಕೇಳೀವಿ. ಡಾಕ್ಟರು ಏನಂತಾರ ನೋಡೂಣು, ಆಮ್ಯಾಲ ನಿಶ್ಚಯದ ಮಾತು ತಗಿಯೂಣು.”

ನಿನ್ನ ಕಿವಿಗೂ ನನ್ನ ಮದುವೆಗೂ ಗಂಟು ಬಿದ್ದದ್ದು ಹೀಗೆ.

ಸಂಕ್ರಾಂತಿ ಮುಗಿದ ವಾರ. ಪೇಟೆಯ ಗದ್ದಲ ಇಳಿದ ಮೇಲೆ, ಮಧ್ಯಾಹ್ನ ಮೂರು ದಾಟಿದಾಗ, ನಾವು ಮಕ್ಕಳ ಪರೀಕ್ಷೆ ಮಾಡುತ್ತಿದ್ದುದು. ಪರದೆ ಎಳೆದೆ. ಅಕ್ಕ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಡಾಕ್ಟರು ಗಿಳಿ ಆಡಿಸಿ ಮುಚ್ಚಿದರು. ನಾನು ಗಂಟೆ ಬಾರಿಸಿದೆ. ನೀನು ತಿರುಗಲಿಲ್ಲ. ಗಿಲಕಿ. ತಿರುಗಲಿಲ್ಲ. ಡೋಲು. ನೀನು ಗಿಳಿ ಎಲ್ಲಿ ಹೋಯಿತೆಂದು ಡಾಕ್ಟರ ಕೈಯನ್ನೇ ನೋಡುತ್ತಿದ್ದೆ. ನನಗೆ ಅಂಜಿಕೆಯಾಯಿತು. ನಿನಗಾಗಿ ಎಂದು ಬರೆಯಬೇಕು ಎನ್ನಿಸುತ್ತದೆ — ಬರೆದರೆ ಇನ್ನೊಂದು ಸುಳ್ಳು. ನನಗಾಗಿ ಅಂಜಿದೆ.

ಅಷ್ಟರಲ್ಲಿ ನಸುಗತ್ತಲೆಗೆ ಅಂಜಿ ನೀನು ಅಳತೊಡಗಿದೆ. ಅಳುವ ಕೂಸಿನ ಪರೀಕ್ಷೆ ಪರೀಕ್ಷೆಯಲ್ಲ ಎಂದು ಡಾಕ್ಟರು ನಿಲ್ಲಿಸಿದರು. ಸ್ವಲ್ಪ ಪರದೆ ಸರಿಸು, ಸಮಾಧಾನವಾಗಲಿ, ಆಮೇಲೆ ಮತ್ತೆ ನೋಡೋಣ ಎಂದು ನನಗೆ ಹೇಳಿ ಕೈ ತೊಳೆಯಲು ಹೋದರು. ಪರದೆ ಸರಿಸಿದೆ. ಬಿಸಿಲು ಒಳಗೆ ಬಂತು. ನೀನು ಅಳು ನಿಲ್ಲಿಸಿದೆ. ಡಾಕ್ಟರು ಮರಳಿ ಬಂದು ಕೂತು ಗಿಳಿ ಎತ್ತಿಕೊಂಡರು. ಪರದೆ ಎಳೆಯುವುದು ನನ್ನ ಕೆಲಸ. ಎಳೆಯಲು ಮರೆತೆ.

ಮರೆತೆ ಎಂಬುದು ಖರೆ. ಮೊದಲನೆಯ ಸಲ ಖರೇನೇ ಮರೆತಿದ್ದೆ. ಬಗ್ಗಿ, ಬಲಗೈ ಚಾಚಿ ಗಂಟೆ ಬಾರಿಸಿದೆ. ನೀನು ಫಕ್ಕನೆ ಬಲಕ್ಕೆ ತಿರುಗಿ ನನ್ನ ಮುಖ ನೋಡಿ ನಕ್ಕೆ. ಕೇಳಿಸಿತು ಎಂದೇ ತಿಳಿದೆ. ತಲೆಯೆತ್ತಿದಾಗ ಎದುರಿನ ಗೋಡೆ ಕಂಡಿತು. ಸುಣ್ಣದ ಬಿಳಿ ಗೋಡೆಯ ಮೇಲೆ, ಡಾಕ್ಟರ ತಲೆಯ ಬಲಕ್ಕೆ, ನನ್ನ ಕೈ, ಕೈಯಲ್ಲಿ ಗಂಟೆ — ಕಪ್ಪಗೆ, ಸ್ಪಷ್ಟವಾಗಿ. ಡಾಕ್ಟರಿಗೆ ಅದು ಅವರ ಬೆನ್ನ ಹಿಂದೆ. ಅವರ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡು ಬಸವಣ್ಣನನ್ನು ನೆನೆಯುತ್ತಿದ್ದಳು. ಆ ಗೋಡೆಯನ್ನು ನೋಡಿದವರು ಇಬ್ಬರೇ, ನೀನು ಮತ್ತು ನಾನು.

ಆಗ ನಾನು ಪರದೆ ಎಳೆಯಬಹುದಿತ್ತು. ಎರಡು ಹೆಜ್ಜೆ. ಎಳೆಯಲಿಲ್ಲ. ಎಡಗೈಗೆ ಗಂಟೆ ಬದಲಿಸಿಕೊಂಡು, ಎಡಕ್ಕೆ ಚಾಚಿ, ಮತ್ತೆ ಬಾರಿಸಿದೆ. ಈ ಸಲ ಗೊತ್ತಿದ್ದೇ. ಸರಿಯಾಗಿ ಬೀಳಲಿ ಎಂದು ಕೈಯನ್ನು ಒಂದಿಷ್ಟು ಮೇಲೆತ್ತಿದೆ, ನೀಲಾ. ಎತ್ತಿದ ಆ ಕೈ ನನಗೆ ಈಗಲೂ ಕಾಣುತ್ತದೆ. ನೀನು ಎಡಕ್ಕೆ ತಿರುಗಿದೆ. ನಿನಗೆ ಅದು ಆಟ. ಮತ್ತೆ ಮಾಡು ಎನ್ನುವಂತೆ ನನ್ನ ಕೈ ಹಿಡಿದೆ.

“ಎರಡೂ ಬಾಜು ತಿರುಗಿದ್ಳು. ಕಿವಿ ಕೇಳಸ್ತಾವ. ಮಾತು ತಡಾ ಆಗ್ತಾವ ಅಷ್ಟ,” ಎಂದರು ಡಾಕ್ಟರು. ಕಾರ್ಡು ತೆಗೆದುಕೊಂಡರು. ಬರೆಯುವ ಮುಂಚೆ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು — ಅವರ ದೊಡ್ಡತನ ಅದು, ಮೆಟ್ರಿಕ್ ಓದಿದ ಹುಡುಗಿಯ ಅಭಿಪ್ರಾಯ ಕೇಳದೆ ಅವರು ಬರೆಯುತ್ತಿರಲಿಲ್ಲ.

“ಗಂಗಾ, ನಿನಗೇನರ ಸಂಶಯ ಅದ ಏನು?”

“ಇಲ್ರೀ ಸರ್. ಛಲೋ ತಿರುಗಿದ್ಳು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮೆಟ್ಟಿಲಿಳಿಯುವಾಗ ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನನ್ನ ಜೀವ ಉಳಿಸಿದೆ ತಂಗಿ ಎಂದಳು. ಆ ಸಂಜೆಯೇ ಹುಡುಗನ ಮನೆಗೆ ಸುದ್ದಿ ಹೋಯಿತು. ಎಂಟು ದಿನಕ್ಕೆ ನಿಶ್ಚಯ.

ಡಾಕ್ಟರು ತಡ ಎಂದರು ಎಂಬ ಧೈರ್ಯದ ಮೇಲೆ ಅಕ್ಕ ಕಾಯುತ್ತ ಕೂತಳು. ದಿನಾ ಬೆಳಿಗ್ಗೆ ಬಜೆ ಬೇರು ತೇಯ್ದು ಜೇನುತುಪ್ಪದಲ್ಲಿ ಕಲಸಿ ನಿನ್ನ ನಾಲಿಗೆಗೆ ಹಚ್ಚಿದಳು. ನಾಲಿಗೆಯಲ್ಲಿ ಏನೂ ಕೊರತೆ ಇರಲಿಲ್ಲ. ನೀನು ಬಾಯಿ ತುಂಬ ‘ಅವ್ವಾ’ ಎನ್ನುವವರೆಗೆ ತಾನು ಸಿಹಿ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಳು. ನನ್ನ ಮದುವೆಯಲ್ಲಿ ಅವಳ ಎಲೆಯ ಮೇಲೆ ಹೋಳಿಗೆ ಹಾಗೇ ಉಳಿಯಿತು. ಯಾಕೆ ಎಂದು ಯಾರೋ ಕೇಳಿದರು, ಅವಳು ನಕ್ಕು ನಿನ್ನ ಕಡೆ ತೋರಿಸಿದಳು. ನಾನು ಮದುಮಗಳು, ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಎಂದು ಎಲ್ಲರೂ ತಿಳಿದರು.

ಆಮೇಲಿನ ವರ್ಷಗಳಲ್ಲಿ ಒಂದು ದಿನವೂ ನೆಮ್ಮದಿಯಿಂದ ಉಂಡೆ ಎನ್ನಲಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅತ್ತೆ ಪೇಟೆಯ ಯಾವುದೋ ಮನೆಯ ಕೂಸಿನ ಸುದ್ದಿ ತೆಗೆದರೂ ಕೈಯಲ್ಲಿದ್ದ ಲಟ್ಟಣಿಗೆ ನಿಲ್ಲುತ್ತಿತ್ತು. ಪಾರಿಶ್ವಾಡದ ಬಸ್ಸಿನಿಂದ ಯಾರಾದರೂ ಇಳಿದು ನಮ್ಮ ಓಣಿಯತ್ತ ಬಂದರೆ, ಗೊತ್ತಾಯಿತೇನೋ, ಈಗ ಹೇಳುತ್ತಾರೇನೋ ಎಂದು ಬಾಗಿಲ ಸಂದಿಯಿಂದ ಮುಖ ನೋಡುತ್ತಿದ್ದೆ. ಹಬ್ಬಕ್ಕೆ ನಾನು ಪಾರಿಶ್ವಾಡಕ್ಕೆ ಬಂದಾಗ ನಿನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಮರದ ನೆರಳಿನಲ್ಲಿ ನಿಲ್ಲಿಸಿ, ಬೆನ್ನ ಹಿಂದೆ ಚಪ್ಪಾಳೆ ತಟ್ಟುತ್ತಿದ್ದೆ. ನೀನು ಇರುವೆ ನೋಡುತ್ತ ನಿಂತಿರುತ್ತಿದ್ದೆ. ನಾನು ಮತ್ತೂ ಜೋರಾಗಿ ತಟ್ಟುತ್ತಿದ್ದೆ. ಅಂಗೈ ಉರಿಯುತ್ತಿತ್ತು. ಇವತ್ತು ಅಕ್ಕನಿಗೆ ಹೇಳಿಯೇ ಬಿಡುತ್ತೇನೆ ಎಂದು ಒಳಗೆ ಬರುತ್ತಿದ್ದೆ. ಒಳಗೆ ಅಜ್ಜಿ ಕಾಲಿನಿಂದ ನೆಲ ಗುದ್ದಿದರೆ ನೀನು ಓಡಿ ಬರುತ್ತಿದ್ದೆ. ನೋಡು, ಕೇಳಿಸುತ್ತದೆ ಎನ್ನುತ್ತಿದ್ದಳು ಅಜ್ಜಿ. ಅಕ್ಕ ನನ್ನ ಮುಖ ನೋಡುತ್ತಿದ್ದಳು, ನಾನು ದವಾಖಾನೆಯವಳು ಅಲ್ಲವೇ. ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಇದಕ್ಕಿಂತ ಹೇಸಿಗೆಯದು ಇನ್ನೊಂದಿದೆ. ಎರಡನೆಯ ವರ್ಷ ನನಗೆ ಮಗ ಹುಟ್ಟಿದ. ಅತ್ತೆ ತಾಟು ಬಾರಿಸಿದರು, ಕೂಸು ಬೆಚ್ಚಿತು, ಎಲ್ಲರೂ ನಕ್ಕರು. ನಾನು ಅದನ್ನು ನಂಬಿದೆನೇ? ಐದು ತಿಂಗಳು ತುಂಬುವವರೆಗೆ ಕಾದು, ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಎರಡು ಮಡಿಕೆ ಸೀರೆ ಕಟ್ಟಿ, ಬಳೆ ತೆಗೆದಿಟ್ಟು, ತಲೆಯ ಹೂ ತೆಗೆದಿಟ್ಟು, ನನ್ನ ಮಗನ ಕಿವಿ ನೋಡಿದೆ. ಮೂರೂ ಕಟ್ಟಳೆ ಪಾಲಿಸಿದೆ. ಮೂರು ಸಲ ನೋಡಿದೆ. ಅವನು ಮೂರು ಸಲವೂ ತಿರುಗಿದ. ಖುಷಿಯಿಂದ ಅಳು ಬಂತು. ಅಳುತ್ತ ಅಳುತ್ತ ನಿನ್ನ ನೆನಪಾಯಿತು. ಆದರೂ ಮರುದಿನ ಪಾರಿಶ್ವಾಡದ ಬಸ್ಸು ಹತ್ತಲಿಲ್ಲ.

ನೀನು ಆರು ವರ್ಷದವಳಾದಾಗ ಊರಿನ ಸಾಲಿಯ ಮಾಸ್ತರು ನಿನ್ನನ್ನು ಸೇರಿಸಿಕೊಳ್ಳಲಿಲ್ಲ. ಹೆಸರು ಕರೆದರೆ ಈ ಕಡೆ ನೋಡುವುದಿಲ್ಲ, ಮೊದಲು ಕಿವಿ ತೋರಿಸಿರಿ ಎಂದರು. ಅಕ್ಕ ನಿನ್ನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ನಾನು ಕೆಲಸ ಬಿಟ್ಟು ಆಗಲೇ ವರ್ಷಗಳಾಗಿದ್ದವು. ಅದೇ ಮೆಟ್ಟಿಲು ಹತ್ತಿದೆವು. ಈ ಸಲ ಪರದೆ ಎಳೆಯುವ ಹುಡುಗಿ ಬೇರೆ ಯಾರೋ. ನೀನು ಬೆರಳೆತ್ತುವಷ್ಟು ದೊಡ್ಡವಳು, ಯಂತ್ರವನ್ನೇ ಹಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಡಾಕ್ಟರು ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಮೆಲ್ಲಗೆ ಹೇಳಿದರು.

“ಕಿವಿ ಬರೇ ಸಪ್ಪಳಾ ಒಳಗ ಒಯ್ತದವ್ವ. ಅದನ್ನ ಮಾತು ಅಂತ ತಿಳಕೊಳ್ಳೂದು ಮಿದುಳು. ಅದು ಸಣ್ಣವರಿದ್ದಾಗನ ಕಲೀಬೇಕು. ಹದಾ ಇದ್ದಾಗ ಬಿತ್ತಬೇಕು. ಎರಡ ವರ್ಷದಕಿ ಇದ್ದಾಗ ತಂದಿದ್ರ —”

“ತಂದಿದ್ದೆನಲ್ರೀ ಸಾಹೇಬ್ರ,” ಎಂದಳು ಅಕ್ಕ.

ಅವಳ ದನಿಯಲ್ಲಿ ದೂರಿರಲಿಲ್ಲ. ಅವರು ಮರೆತಿದ್ದರೆ ನೆನಪು ಮಾಡಿಕೊಡುವ ಹಾಗೆ ಹೇಳಿದಳು. ಡಾಕ್ಟರು ಎದ್ದು ಹಳೆಯ ಕಾರ್ಡುಗಳ ಡಬ್ಬಿ ತೆಗೆದರು. ಹುಡುಕಿದರು. ಸಿಕ್ಕ ಕಾರ್ಡನ್ನು ಎರಡು ಸಲ ಓದಿದರು. ನಾನು ಗೋಡೆಗೆ ಆನಿಕೊಂಡು ನಿಂತಿದ್ದೆ. ಅದೇ ಗೋಡೆ. ನನ್ನ ಕಡೆ ನೋಡುತ್ತಾರೆ, ಈಗ ಕೇಳುತ್ತಾರೆ, ಕೇಳಿದರೆ ಹೇಳಿಬಿಡುತ್ತೇನೆ — ಹೀಗೆ ಎಣಿಸುತ್ತ ನಿಂತಿದ್ದೆ. ಕೇಳದೆಯೂ ಹೇಳಬಹುದು ಎಂಬುದು ತಲೆಗೆ ಬರಲಿಲ್ಲ. ಬರಲಿಲ್ಲವೋ, ಬರಗೊಡಲಿಲ್ಲವೋ.

ಅವರು ಕೇಳಲಿಲ್ಲ. ಅಕ್ಕನಿಗೆ ಕೈ ಮುಗಿದರು. ಅಷ್ಟು ವಯಸ್ಸಾದ ಮನುಷ್ಯ, ಪಾರಿಶ್ವಾಡದ ಒಕ್ಕಲಗಿತ್ತಿಗೆ ಕೈ ಮುಗಿದರು.

“ತಪ್ಪು ನಂದವ್ವ. ಅವತ್ತ ನಾನು ಸರಿ ನೋಡಲಿಲ್ಲ.”

ನೀವೇನು ಮಾಡುತ್ತೀರಿ, ನಮ್ಮ ಹಣೆಬರಹ ಎಂದು ಅಕ್ಕನೇ ಅವರನ್ನು ಸಮಾಧಾನ ಮಾಡಿದಳು. ನನ್ನ ತಪ್ಪಿಗೆ ಒಬ್ಬರು ಕ್ಷಮೆ ಕೇಳಿದರು, ಇನ್ನೊಬ್ಬರು ಕ್ಷಮಿಸಿದರು, ನಾನು ನೋಡುತ್ತ ನಿಂತೆ. ಆಮೇಲೆ ಅವರು ಸಣ್ಣ ಮಕ್ಕಳ ಕಿವಿ ನೋಡುವುದನ್ನೇ ಬಿಟ್ಟು, ಎಲ್ಲರನ್ನೂ ಬೇರೆ ಊರಿಗೆ ಕಳಿಸತೊಡಗಿದರೆಂದು ಕೇಳಿದೆ. ಆ ತಪ್ಪು ತಮ್ಮದಲ್ಲ ಎಂದು ತಿಳಿಯದೆಯೇ ತೀರಿಕೊಂಡರು. ಅವರಿಗೆ ಹೇಳುವ ದಾರಿ ಇನ್ನು ಇಲ್ಲ.

ಇನ್ನೂ ಒಂದು ಮಾತು. ನಿನಗೆ ಕಿವಿ ಕೇಳುವುದಿಲ್ಲ ಎಂಬ ಸುದ್ದಿ ಆ ದಿನ ನಮ್ಮ ಮನೆಗೂ ಗೊತ್ತಾಯಿತು. ನಾನು ನಾಲ್ಕು ವರ್ಷ ಅಂಜಿದ್ದು ಇದಕ್ಕೇ. ಅತ್ತೆ ‘ಪಾಪ’ ಎಂದರು. ರೊಟ್ಟಿಗೆ ಇನ್ನೊಂದಿಷ್ಟು ಎಣ್ಣೆಗಾಯಿ ಹಾಕು ಎಂದರು. ಅಷ್ಟೆ.

ನಿನಗೆ ಯಂತ್ರ ಬಂತು. ಎದೆಯ ಮೇಲೆ ಬಟ್ಟೆಯ ಚೀಲ, ಚೀಲದಲ್ಲಿ ಬೆಂಕಿಪೆಟ್ಟಿಗೆಗಿಂತ ದೊಡ್ಡದಾದ ಪೆಟ್ಟಿಗೆ, ಅದರಿಂದ ಕಿವಿಗೆ ವಾಯರು. ಅದನ್ನು ಹಾಕಿಕೊಂಡಾಗ ಡೋಲಿಗೆ ತಿರುಗಿದೆ, ಪರದೆ ಎಳೆದ ಕೋಣೆಯಲ್ಲಿ. ನಿನ್ನ ಕಿವಿ ಪೂರ್ತಿ ಸತ್ತಿರಲಿಲ್ಲ, ನೀಲಾ. ಸದ್ದು ಒಳಗೆ ಹೋಗುತ್ತಿತ್ತು. ಒಳಗೆ ಅದನ್ನು ಮಾತಾಗಿ ಬಿಡಿಸಿಕೊಳ್ಳುವ ಅಭ್ಯಾಸವಷ್ಟೇ ಇರಲಿಲ್ಲ. ಜನ ಸೇರಿ ಮಾತಾಡುವ ಕಡೆ ಅದನ್ನು ಕಿತ್ತು ತೆಗೆಯುತ್ತಿದ್ದೆ. ಪೆಟ್ಟಿಗೆ ಅಂಗಿಗೆ ಉಜ್ಜುವ ಸದ್ದೂ, ಅಕ್ಕ ಕರೆಯುವ ಸದ್ದೂ ನಿನಗೆ ಒಂದೇ ಗದ್ದಲ. ಏಳನೆಯ ವರ್ಷದಲ್ಲಿ ಒಂದು ದಿನ ನೀನು ಅಕ್ಕನ ಗದ್ದ ಹಿಡಿದು, ಅವಳ ಗಂಟಲ ಮೇಲೆ ಕೈಯಿಟ್ಟು, ಒಂದು ದನಿ ಮಾಡಿದೆ. ಬೇರೆಯವರಿಗೆ ಅದು ಮಾತೇ ಅಲ್ಲ. ಅಕ್ಕ ಒಳಗೆ ಹೋಗಿ ಡಬ್ಬಿಯಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡಳು. ಐದು ವರ್ಷದ ಮೇಲೆ ತಿಂದ ಸಿಹಿ. ನಾನು ಅಲ್ಲೇ ಇದ್ದೆ. ನನಗೂ ಒಂದು ಚೂರು ಕೊಟ್ಟಳು, ತಿಂದೆ.

ಎರಡನೆಯ ವರ್ಷಕ್ಕೇ ಆ ಪೆಟ್ಟಿಗೆ ಕಟ್ಟಿದ್ದರೆ ನಿನಗೆ ಎಷ್ಟು ಮಾತು ಬರುತ್ತಿತ್ತು? ನೂರೋ, ಸಾವಿರವೋ, ಏನೂ ಇಲ್ಲವೋ — ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು.

ನೀನು ಅದಕ್ಕೆ ಕಾಯಲಿಲ್ಲ, ಬೆಳೆದೆ. ಕಿವುಡ ಮಕ್ಕಳ ಶಾಲೆಯಲ್ಲಿ ಓದು ಬರಹ ಕಲಿತೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಓಣಿಯ ಹುಡುಗಿಯರು ಇನ್ನೂ ಸಾಲಿಗೆ ಹೋಗುತ್ತಿದ್ದಾಗ, ಖಾನಾಪುರದಲ್ಲಿ ಮಣ್ಣಿನ ಕೆಲಸ ಕಲಿಯಲು ಸೇರಿದೆ. ಸುಟ್ಟ ಗಡಿಗೆಯನ್ನು ಬೇರೆಯವರು ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಾರೆ, ಬಿರುಕು ಇದ್ದರೆ ಸದ್ದು ಒಡಕು. ನೀನು ಅಂಗೈ ಮೇಲಿಟ್ಟು ಬಡಿದು, ಅದು ನಡುಗುವ ರೀತಿಯಿಂದಲೇ ತೆಗೆದಿಡುತ್ತೀಯ. ನಿನ್ನ ಕೈ ತಪ್ಪಿದ್ದನ್ನು ನಾನು ನೋಡಿಲ್ಲ. ನೀನು ಚೆನ್ನಾಗಿ ಬಾಳಿದೆ, ಹೌದು. ಅದು ನಿನ್ನ ಗಳಿಕೆ. ಅದನ್ನು ಮುಂದೆ ಹಿಡಿದು ನನ್ನ ಸಾಲ ಹಗುರ ಮಾಡಿಕೊಳ್ಳಲಾರೆ.

ಹೀಗೆಯೇ ಮುಚ್ಚಿಟ್ಟು ಹೋಗಿಬಿಡುತ್ತಿದ್ದೆನೋ ಏನೋ. ಆದರೆ ಮುಚ್ಚಿಟ್ಟದ್ದು ನನ್ನ ಮನೆಯೊಳಗೇ ಮತ್ತೆ ಹುಟ್ಟಿ ಬಂತು. ಕಿವಿ ನೆಟ್ಟಗಿದ್ದ ನನ್ನ ಮಗನಿಗೆ ಹುಟ್ಟಿದ ಮಗಳು, ನನ್ನ ಮೊಮ್ಮಗಳು, ಕೇಳಲಾರಳು. ಈಗ ಕಾಲ ಬೇರೆ. ಹುಟ್ಟಿದ ವಾರದಲ್ಲೇ ಆಸ್ಪತ್ರೆಯಲ್ಲಿ ಗೊತ್ತಾಯಿತು. ವರ್ಷ ತುಂಬಿದ ಮೇಲೆ ತಲೆಯ ಬದಿಗೆ ಕೊಯ್ದು, ಕಿವಿಯ ಒಳಗಿನ ಶಂಖದಂಥ ಜಾಗಕ್ಕೆ ಸಣ್ಣ ತಂತಿ ಕೂರಿಸಿದರು. ಕಾಕ್ಲಿಯರ್ ಇಂಪ್ಲಾಂಟ್ ಎನ್ನುತ್ತಾರೆ. ಮಾತು ಕಲಿಸುವ ಹುಡುಗಿಯ ಹತ್ತಿರ ವಾರಕ್ಕೆರಡು ಸಲ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಕೇಳಿದ್ದು ಇದು. ಆ ತಂತಿ ಕೊಡುವುದು ಮಾತಲ್ಲ, ಮಿಣುಕು ಮಿಣುಕಾದ ಸೂಚನೆ. ಅದರಲ್ಲಿ ಅವ್ವ ಯಾವುದು, ಹಾಲು ಯಾವುದು ಎಂದು ಬಿಡಿಸುವುದು ಮಿದುಳಿನ ಕೆಲಸ. ಮಗು ಸಣ್ಣದಿದ್ದರೆ ಮಿದುಳು ಅದನ್ನು ಕಲಿತುಬಿಡುತ್ತದೆ. ಆದರೂ ದಣಿಯುತ್ತದೆ — ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನನ್ನ ಮೊಮ್ಮಗಳು ಅರ್ಧ ಗಂಟೆಗೆ ಸುಸ್ತಾಗಿ ನನ್ನ ತೊಡೆಯ ಮೇಲೆ ಮಲಗುತ್ತಾಳೆ. ವರ್ಷಗಟ್ಟಲೆ ಸದ್ದೇ ಬಾರದೆ ಇದ್ದರೆ, ಕೇಳುವುದಕ್ಕೆಂದು ಇದ್ದ ಜಾಗದಲ್ಲಿ ಕಣ್ಣು ಬಂದು ಬಿಡಾರ ಹೂಡುತ್ತದಂತೆ. ಆಮೇಲೆ ಸದ್ದು ಬಂದರೂ ಅದಕ್ಕೆ ಕೂರಲು ಜಾಗ ಸಿಗುವುದು ಕಷ್ಟ. ಆ ಹುಡುಗಿ ಇದನ್ನು ನಗುನಗುತ್ತ ಹೇಳಿದಳು, ನಮ್ಮ ಕೂಸಿಗೆ ಬೇಗ ಆಯಿತು ಎಂದು ಸಮಾಧಾನ ಮಾಡಲು. ನಾನು ಎದ್ದು ಹೊರಗೆ ಹೋಗಿ ನಿಂತೆ. ನಿನ್ನ ಕಣ್ಣು ಅಷ್ಟು ಚುರುಕು ಯಾಕೆ, ತುಟಿ ನೋಡಿ ನಮ್ಮ ಮನಸ್ಸನ್ನೂ ಓದಿಬಿಡುತ್ತೀ ಯಾಕೆ ಎಂದು ಆ ದಿನ ತಿಳಿಯಿತು.

ಕಳೆದ ತಿಂಗಳು ನೀನು ಮೊಮ್ಮಗಳನ್ನು ನೋಡಲು ಬಂದೆ. ಅವಳು ನನಗೆ ಬೆನ್ನು ಮಾಡಿ, ನಿನಗೂ ಬೆನ್ನು ಮಾಡಿ ಗೊಂಬೆ ಆಡುತ್ತಿದ್ದಳು. ನೀನು ಬಾಗಿಲಲ್ಲಿ ನಿಂತು ನಿನ್ನ ದನಿಯಲ್ಲಿ ಕರೆದೆ. ಅಕ್ಕನೊಬ್ಬಳಿಗೇ ಅರ್ಥವಾಗುವ ಆ ದನಿಯಲ್ಲಿ. ಕೂಸು ತಿರುಗಿತು. ನಾನು ಮೊದಲು ನೋಡಿದ್ದು ಗೋಡೆಯನ್ನು. ನೆರಳಿರಲಿಲ್ಲ. ಅದು ನಿನ್ನ ದನಿಗೇ ತಿರುಗಿತ್ತು. ನೀನು ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟೆ. ಆಮೇಲೆ ನನ್ನ ಹತ್ತಿರ ಬಂದು ಕೂತು, ಕೈಯಲ್ಲಿ ಕೇಳಿದೆ — ಎದೆ ಮುಟ್ಟಿಕೊಂಡು, ಸಣ್ಣವಳಿದ್ದಾಗ ಎಂದು ತೋರಿಸಿ, ಗಂಟೆ ಆಡಿಸಿದಂತೆ ಮಾಡಿ, ಕುತ್ತಿಗೆ ಹೊರಳಿಸಿ. ನಾನೂ ಹೀಗೆ ತಿರುಗಿದ್ದೆನೇ? ಡಾಕ್ಟರು ಹಾಗೆ ಅಂದಿದ್ದರೆಂದು ಅವ್ವ ಹೇಳುತ್ತಾಳೆ. ತಿರುಗಿದ್ದವಳು ಆಮೇಲೆ ಯಾಕೆ ಕಿವುಡಿಯಾದೆ?

ಇಷ್ಟು ವರ್ಷ ಆ ಪ್ರಶ್ನೆಯನ್ನು ನೀನು ಒಳಗೇ ಇಟ್ಟುಕೊಂಡಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನಿಂದಲೇ ಏನೋ ಕೆಟ್ಟಿತೇನೋ ಎಂಬ ಅಂಜಿಕೆ ನಿನ್ನ ಮುಖದಲ್ಲಿತ್ತು. ನಾನು ಹೌದೆಂದು ತಲೆಯಾಡಿಸಿದೆ. ತಿರುಗಿದ್ದೆ. ಛಲೋ ತಿರುಗಿದ್ದೆ. ಅದೇ ಸುಳ್ಳು, ಇಷ್ಟು ವರ್ಷಗಳ ಮೇಲೆ, ಅದೇ ಕೂಸಿಗೆ.

ಈ ಕಾಗದವನ್ನು ನಿನಗೆ ಕಳಿಸಿಬಿಡುವ ಯೋಚನೆ ಮೊದಲಿತ್ತು. ಅಕ್ಕನಿಗೆ ಓದಲು ಬಾರದು. ನೀನು ಓದಿ, ಅವಳಿಗೆ ಹೇಳುವುದೋ ಬಿಡುವುದೋ ನೀನೇ ತೀರ್ಮಾನಿಸು ಎಂದು ಬರೆಯಬೇಕೆಂದಿದ್ದೆ. ಬರೆಯುತ್ತ ಇಲ್ಲಿಯವರೆಗೆ ಬಂದ ಮೇಲೆ ಕಂಡಿತು — ಅದೂ ನನ್ನ ಹಳೆಯ ಚಾಳಿಯೇ. ನನ್ನ ಭಾರವನ್ನು ಇನ್ನೊಬ್ಬರು ಹೊರಲಿ ಎಂಬ ಚಾಳಿ. ಡಾಕ್ಟರು ಹೊತ್ತದ್ದು ಸಾಕು.

ಸೋಮವಾರ ಬೆಳಗಿನ ಬಸ್ಸಿಗೆ ಖಾನಾಪುರಕ್ಕೆ ಬಂದು ಅಲ್ಲಿಂದ ನಿನ್ನನ್ನು ಕರೆದುಕೊಂಡು ಪಾರಿಶ್ವಾಡಕ್ಕೆ ಹೋಗುತ್ತೇನೆ. ಹೂ ಮುಡಿಯುವುದಿಲ್ಲ. ಪಡಸಾಲೆಯಲ್ಲಿ ಅಕ್ಕನನ್ನೂ ನಿನ್ನನ್ನೂ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಕಿಟಕಿಯ ಕಡೆ ಮುಖ ಮಾಡಿ ಕೂರುವವಳು ನಾನು. ಬೆಳಕು ನನ್ನ ಬಾಯಿಯ ಮೇಲೆ ಬೀಳಬೇಕು, ನೀನು ನನ್ನ ತುಟಿಯಿಂದ ಒಂದು ಮಾತೂ ತಪ್ಪದೆ ಓದಬೇಕು. ಅರ್ಧಕ್ಕೆ ನಾಲಿಗೆ ಹೊರಳದೆ ಹೋದರೆ ಈ ಕಾಗದ ಚೀಲದಲ್ಲಿರುತ್ತದೆ. ಹೇಳಿ ಮುಗಿಸಿದ ಮೇಲೆ ಅಕ್ಕ ಏನು ಹೇಳುತ್ತಾಳೋ, ನೀನು ಏನು ಮಾಡುತ್ತೀಯೋ ನನಗೆ ಗೊತ್ತಿಲ್ಲ. ನೀನು ಮುಖ ತಿರುಗಿಸಿಕೊಂಡು ಎದ್ದು ಹೋದರೂ, ಹಿಂದಿನಿಂದ ನಾನು ಕರೆಯುವುದಿಲ್ಲ.